ಗುರುಗುಟ್ಟಲು ಕಲಿಸಿದ ಮೇಷ್ಟ್ರು

ನನ್ನ ಗೆಳೆಯ ಕಳೆದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ ತೀರಿಕೊಂಡ. ಹೃದಯಾಘಾತ. ವಯಸ್ಸು ಅರವತ್ತೊಂದು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ನಾನೂ ವೈದ್ಯನೇ, ಆದರೆ ದನ, ನಾಯಿ, ಬೆಕ್ಕುಗಳ ವೈದ್ಯ. ಎದೆ ಒತ್ತುವುದು ಗೊತ್ತಿತ್ತು, ಒತ್ತಿದೆ. ಆಂಬುಲೆನ್ಸ್ ಬರುವ ಮೊದಲೇ ಇನ್ನು ಉಪಯೋಗವಿಲ್ಲವೆಂದು ನನ್ನ ಕೈಗೆ ಗೊತ್ತಾಗಿತ್ತು.

ಅವನ ಬಗ್ಗೆ ಪತ್ರಿಕೆಯಲ್ಲಿ ಎರಡು ಸಾಲೂ ಬರಲಿಲ್ಲ. ಬರಲಿ ಎಂದು ಬಯಸುವವನೂ ಅವನಲ್ಲ. ಆದರೆ ಕೊನೆಯ ಹದಿನೈದು ದಿನ ಅವನು ಮಾಡಿದ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಾನು ಬರೆಯದಿದ್ದರೆ 'ಪಾಪ, ನಾಯಿ ಮೇಷ್ಟ್ರು ನಾಯಿಗೋಸ್ಕರ ಪ್ರಾಣ ಬಿಟ್ಟರು' ಎಂಬ ಅರ್ಧ ಸತ್ಯವಷ್ಟೇ ಉಳಿಯುತ್ತದೆ.

ಊರಿಗೆಲ್ಲ ಅವನು ನಾಯಿ ಮೇಷ್ಟ್ರು. ಸೈಕಲ್ ಮೇಲೆ ಮನೆಮನೆಗೆ ಹೋಗಿ ಸಾಕುನಾಯಿಗಳಿಗೆ ಪಾಠ ಹೇಳುತ್ತಿದ್ದ. ಸೊಂಟದ ಚೀಲದಲ್ಲಿ ಬೇಯಿಸಿ ಸಣ್ಣಗೆ ಹೆಚ್ಚಿದ ಮಾಂಸದ ಚೂರು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. "ನಿಮ್ಮ ಅಂಗಿ ಒಗೆದ ನೀರು ಚೆಲ್ಲಿದರೆ ಬೀದಿ ನಾಯಿಗಳೆಲ್ಲ ಬಾಗಿಲಿಗೆ ಬರುತ್ತವೆ ರೀ, ನೆಂಟರಾದರೂ ಅಷ್ಟು ಬರಲ್ಲ" ಎನ್ನುತ್ತಿದ್ದಳು. ಯಾರಾದರೂ, "ನಾಯಿ ಬಾಲ ಯಾವತ್ತಿದ್ದರೂ ಡೊಂಕು, ನಿಮಗ್ಯಾಕೆ ಈ ಕೆಲಸ" ಎಂದು ಕೆಣಕಿದರೆ ಅವನ ಉತ್ತರ ಸಿದ್ಧವಿತ್ತು: "ಬಾಲ ನೆಟ್ಟಗೆ ಮಾಡೋಕೆ ನನಗೇನು ಹುಚ್ಚೇ? ಡೊಂಕಾಗಿದ್ದುಕೊಂಡೇ ಅಲ್ಲಾಡಲಿ ಬಿಡಿ."

ಮೊದಲಿಂದ ಅವನು ಹೀಗಿರಲಿಲ್ಲ. ಮೂವತ್ತರ ವಯಸ್ಸಿನಲ್ಲಿ ಅವನು ಗೋದಾಮು ಕಾಯುವ ನಾಯಿಗಳನ್ನು ಪಳಗಿಸುವ ಕೆಲಸದಲ್ಲಿದ್ದ. ಕತ್ತು ಬಿಗಿಯುವ ಸರಪಳಿ, ಕೈಯಲ್ಲೊಂದು ಬೆತ್ತ. ಅವನು ಪಳಗಿಸಿದ ನಾಯಿಗಳು ಉಸಿರೆತ್ತುವುದಿಲ್ಲ ಎಂದು ಹೆಸರಾಗಿತ್ತು. ಗುರ್ ಎಂದರೆ ಸರಪಳಿ ಜಗ್ಗುವುದು, ಮತ್ತೆ ಗುರ್ ಎಂದರೆ ಮತ್ತೆ ಜಗ್ಗುವುದು. ಒಂದು ವಾರದಲ್ಲಿ ಯಾವ ನಾಯಿಯಾದರೂ ತೆಪ್ಪಗಾಗುತ್ತಿತ್ತು. ಅಂಥ ನಾಯಿಗಳಲ್ಲೇ ಉತ್ತಮವಾದದ್ದನ್ನು ಆರಿಸಿ ಮನೆಗೆ ತಂದ. ಮೂರು ತಿಂಗಳು ಅದು ಬಂಗಾರದಂತಿತ್ತು. ಒಂದು ಮಧ್ಯಾಹ್ನ ಅದು ಊಟ ಮಾಡುತ್ತಿದ್ದಾಗ ಹೆಂಡತಿ ತಟ್ಟೆ ಸರಿಸಲು ಬಗ್ಗಿದಳು. ಅದು ಗುರ್ ಎನ್ನಲಿಲ್ಲ. ಬಲಗೈ ಹೆಬ್ಬೆರಳಿಗೆ ಬಾಯಿ ಹಾಕಿತು. ಆ ಹೆಬ್ಬೆರಳು ಇವತ್ತಿಗೂ ಮಡಚುವುದಿಲ್ಲ. ಹೊಲಿಗೆಯವಳು ಎಡಗೈಯಲ್ಲಿ ಕತ್ತರಿ ಹಿಡಿಯುವುದನ್ನು ಮೊದಲಿಂದ ಕಲಿತಳು. ಅವನಿಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ಅವನು ನನ್ನ ಬಳಿ ಒಮ್ಮೆ ಮಾತ್ರ ಹೇಳಿದ್ದ.

"ನಾನು ಅದರ ಬಾಯಿ ಮುಚ್ಚಿಸಿದ್ದೆ ಕಣೋ, ಹಲ್ಲು ಹಾಗೇ ಉಳಿಸಿದ್ದೆ" ಎಂದಿದ್ದ.

ಅದು ಕಚ್ಚಿದ ಮರುದಿನವೇ ಕೆಲಸ ಬಿಟ್ಟ. ಸರಪಳಿಯನ್ನು ಗುಜರಿಗೆ ಹಾಕಿದ. ಆಮೇಲಿನ ಇಪ್ಪತ್ತೆಂಟು ವರ್ಷ ಯಾವ ಪ್ರಾಣಿಯ ಮೇಲೂ ಅವನು ಕೈ ಎತ್ತಿದ್ದನ್ನು ನಾನು ನೋಡಿಲ್ಲ.

ಇನ್ನು ಕೆಂಚನ ವಿಷಯ.

ಕೆಂಚ ನಾಲ್ಕು ವರ್ಷದ ಕೆಂಪು ಬಣ್ಣದ ಬೀದಿ ತಳಿ. ನಾಲ್ಕು ಮಹಡಿಯ ಒಂದು ಕಟ್ಟಡದ ಕೊನೆಯ ಮಹಡಿಯಲ್ಲಿ ಇತ್ತು. ಮನೆಯ ಯಜಮಾನಿ ಬಸ್ ಕಂಡಕ್ಟರ್. ಕಟ್ಟಡದವರೆಲ್ಲ ಅವಳನ್ನು ಕಂಡಕ್ಟರಮ್ಮ ಎನ್ನುತ್ತಿದ್ದರು. ಜೊತೆಗೆ ಅವಳ ಅಪ್ಪ. ಗಡಿಯಾರ ರಿಪೇರಿ ಮಾಡಿ ಕಣ್ಣು ಮಂಜಾದ ಮೇಲೆ ಮನೆಯಲ್ಲಿ ಕೂತವರು. ವಾಚಜ್ಜ ಎಂದೇ ಎಲ್ಲರೂ ಕರೆಯುವುದು. ಮಗಳು ಬೆಳಿಗ್ಗೆ ಐದಕ್ಕೆ ಡ್ಯೂಟಿಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ಅಜ್ಜ ಮತ್ತು ನಾಯಿ.

ಕಟ್ಟಡದ ಸಂಘದ ಸೆಕ್ರೆಟರಿ ಒಂದು ಸೋಮವಾರ ನೀರಿನ ಟ್ಯಾಂಕ್ ತೊಳೆಸುವ ಚೀಟಿ ಕೊಡಲು ಬಂದ. ಬಾಗಿಲಲ್ಲಿ ನಿಂತಿದ್ದ ಕೆಂಚನ ತಲೆಯ ಮೇಲಿಂದ ಕೈ ಚಾಚಿ ಅಜ್ಜನಿಗೆ ಚೀಟಿ ನೀಡಿದ. ಕೆಂಚ ಸದ್ದೇ ಇಲ್ಲದೆ ಮುಂಗೈಗೆ ಬಾಯಿ ಹಾಕಿತು. ಐದು ಹೊಲಿಗೆ.

ಸಂಘ ಸೇರಿತು. ಕಚ್ಚುವ ನಾಯಿ ಎಂದು ಸುದ್ದಿಯಾದ ಮೇಲೆ ಬೇರೆ ಯಾರೂ ಇಟ್ಟುಕೊಳ್ಳುವುದಿಲ್ಲ. ಪ್ರಾಣಿ ಆಶ್ರಯದವರೂ ಜಾಗವಿಲ್ಲ ಎಂದರು. ಹದಿನೈದು ದಿನ ಗಡುವು ಕೊಟ್ಟರು. ಅಷ್ಟರಲ್ಲಿ ನಾಯಿ ಸರಿಹೋಗಬೇಕು. ಹದಿನಾರನೇ ದಿನ, ಮಂಗಳವಾರ, ಸಂಘದವರು ಬಂದು ನೋಡುತ್ತಾರೆ. ಸರಿಹೋಗಿಲ್ಲ ಎಂದು ಕಂಡರೆ ಪಶುವೈದ್ಯರು 'ಅಪಾಯಕಾರಿ' ಎಂದು ಬರೆದುಕೊಟ್ಟು ನೋವಿಲ್ಲದೆ ಸಾಯುವ ಇಂಜೆಕ್ಷನ್ ಕೊಡಬೇಕು. ಆ ಪಶುವೈದ್ಯ ನಾನು. ಕಂಡಕ್ಟರಮ್ಮ ಕಾಗದಕ್ಕೆ ಒಪ್ಪಿ ಸಹಿ ಹಾಕಿದಳು. ಕೆಳಗೆ ನನ್ನ ಸಹಿಗೆ ಜಾಗ ಖಾಲಿ ಇತ್ತು.

ನಾನೇ ಗೆಳೆಯನಿಗೆ ಫೋನ್ ಮಾಡಿದೆ. ಮೊದಲ ದಿನ ನಾವಿಬ್ಬರೂ ಒಟ್ಟಿಗೆ ಹೋದೆವು. ಅವನು ಬಾಗಿಲಾಚೆಯೇ ನೆಲದ ಮೇಲೆ ಕೂತು, ನಾಯಿಗೆ ಬೆನ್ನು ತಿರುಗಿಸಿ ಅಜ್ಜನನ್ನು ಕೇಳಿದ.

"ಇದು ಗುರ್ ಅನ್ನಲ್ವಾ ಅಜ್ಜ?"

"ಛೇ, ಇಲ್ಲ. ಮರಿಯಾಗಿದ್ದಾಗ ಅಂತಿತ್ತು. ಬಿಡಿಸಿದೆ." ಅಜ್ಜನ ದನಿಯಲ್ಲಿ ಹೆಮ್ಮೆ. "ನ್ಯೂಸ್‌ಪೇಪರ್ ಸುರುಳಿ ಮಾಡಿ ಮೂತಿ ಮೇಲೆ ಒಂದೊಂದು. ಈಗ ನೋಡಿ, ಗಡಿಯಾರಕ್ಕಿರೋವಷ್ಟು ಸದ್ದೂ ಇಲ್ಲ."

ಗೆಳೆಯ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಇಪ್ಪತ್ತೆಂಟು ವರ್ಷ ಹಿಂದಿನ ಆ ಮಧ್ಯಾಹ್ನ ಇತ್ತು.

ಮೆಟ್ಟಿಲಿಳಿಯುವಾಗ ಹೇಳಿದ: "ಇದಕ್ಕೆ ಸುಮ್ಮನಿರೋದು ಕಲಿಸಬೇಕಾಗಿಲ್ಲ. ಗುರ್ ಅನ್ನೋದು ಕಲಿಸಬೇಕು."

"ಹದಿನೈದು ದಿನದಲ್ಲಿ? ಸಂಘದವರ ಮುಂದೆ ಅದು ಗುರ್ ಅಂದರೆ ಅವತ್ತೇ ಅದರ ಕಥೆ ಮುಗೀತು" ಎಂದೆ.

"ಅನ್ನದೇ ಇದ್ದರೂ ಮುಗೀತು. ಸ್ವಲ್ಪ ತಡವಾಗಿ, ಯಾವುದಾದರೂ ಮಗುವಿನ ಮುಖ ಹಾಳಾದ ಮೇಲೆ. ಗುರ್ ಅನ್ನೋದು ನಾಯಿಯ ಬೈಗುಳ ಅಲ್ಲ ಕಣೋ. 'ದಯವಿಟ್ಟು ಹಿಂದೆ ಸರೀರಿ' ಅನ್ನೋ ಮಾತು ಅದು. ಆ ಮಾತಿಗೆ ಏಟು ಬಿದ್ದರೆ ಅದು ಮಾತು ಬಿಟ್ಟು ಹಲ್ಲು ಹಿಡೀತದೆ."

ನಾಯಿ ಕಚ್ಚಿದರೆ ಹತ್ತು ದಿನ ಅದರ ಮೇಲೆ ಕಣ್ಣಿಡಬೇಕೆಂಬ ನಿಯಮವಿದೆ, ಹುಚ್ಚಿನ ಲಕ್ಷಣ ಇದೆಯೇ ಎಂದು ನೋಡಲು. ಆದ್ದರಿಂದ ನಾನು ದಿನ ಬಿಟ್ಟು ದಿನ ಅಲ್ಲಿಗೆ ಹೋಗುತ್ತಿದ್ದೆ, ಅವನ ಪಾಠ ನೋಡುತ್ತಿದ್ದೆ. ನೋಡುವವರಿಗೆ ಅದು ಪಾಠದಂತೆ ಕಾಣುತ್ತಲೇ ಇರಲಿಲ್ಲ. ಕೆಂಚನನ್ನು ಉದ್ದನೆಯ ಹಗ್ಗದಲ್ಲಿ ಕಿಟಕಿಯ ಪಕ್ಕ ಕಟ್ಟಿ, ತಾನು ಕೋಣೆಯ ಈ ತುದಿಯಲ್ಲಿ ಓರೆಯಾಗಿ ಕೂರುತ್ತಿದ್ದ. ಒಂದು ಗೇಣು ಮುಂದೆ ಜರುಗುತ್ತಿದ್ದ. ಕೆಂಚ ತುಟಿ ನೆಕ್ಕಿದರೆ, ಮುಖ ಆಚೆ ತಿರುಗಿಸಿದರೆ, ಕಣ್ಣಿನ ಬಿಳಿ ಕಂಡರೆ, ತಕ್ಷಣ ಒಂದು ಗೇಣು ಹಿಂದೆ. ಒಂದು ಮಾಂಸದ ಚೂರು ಅದರ ಕಡೆ ಉರುಳಿಸುವುದು. ಮೂರು ನಿಮಿಷ ಹೀಗೆ, ಆಮೇಲೆ ಅರ್ಧ ಗಂಟೆ ಬಿಡುವು. ತಟ್ಟೆಯ ಹತ್ತಿರ ಯಾರು ಹೋದರೂ ಏನನ್ನಾದರೂ ಹಾಕಲು ಹೋಗಬೇಕು, ತೆಗೆಯಲು ಕೂಡದು ಎಂದು ಮನೆಯವರಿಗೆ ಕಟ್ಟಪ್ಪಣೆ.

"ಅಣ್ಣ, ಇದೇನು ಪಾಠವೋ ಜರುಗಾಟವೋ?" ಎಂದಳು ಕಂಡಕ್ಟರಮ್ಮ, ಯೂನಿಫಾರ್ಮ್ ಬಿಚ್ಚಲೂ ಪುರಸೊತ್ತಿಲ್ಲದೆ ನಿಂತು. "ನನ್ನ ಬಸ್ಸಲ್ಲಿ ಹೀಗೆ ಮುಂದೆ ಬಂದು ಹಿಂದೆ ಹೋದರೆ ಜನ ಉಗೀತಾರೆ."

"ನಿಮ್ಮ ಬಸ್ಸಲ್ಲಿ ಜನ 'ಸ್ವಲ್ಪ ಸರೀರಿ' ಅಂತ ಬಾಯಿ ಬಿಟ್ಟು ಹೇಳ್ತಾರಲ್ಲಮ್ಮ. ಇದಕ್ಕೂ ಆ ಧೈರ್ಯ ಬರಬೇಕು."

ಆರನೇ ದಿನ ಅವನ ಫೋನು. "ಮಾತಾಡ್ತು ಕಣೋ." ಗಂಟಲಲ್ಲಿ ಸಣ್ಣ ಸದ್ದಂತೆ, ತುಕ್ಕು ಹಿಡಿದ ಕೀಲಿನ ಹಾಗೆ. ಅವನು ಕೂಡಲೇ ಹಿಂದೆ ಸರಿದನಂತೆ. ಕೆಂಚ ಅವನನ್ನು ನೋಡುತ್ತಲೇ ಇತ್ತಂತೆ, ತನ್ನ ಮಾತಿಗೆ ಬೆಲೆ ಬಂದದ್ದನ್ನು ನಂಬಲಾಗದಂತೆ.

ಎಂಟನೇ ದಿನ ನಾನು ಹೋದಾಗ ಅವನ ಅಂಗಿಯ ತೋಳು ಮೊಣಕೈವರೆಗೆ ಸೀಳಿತ್ತು. ಚರ್ಮಕ್ಕೆ ತಾಗಿರಲಿಲ್ಲ. ಕೆಂಚ ಕಿಟಕಿಯ ಕೆಳಗೆ ಮುದುಡಿ ಕೂತಿತ್ತು.

"ಗುರ್ ಅಂತಾ?" ಎಂದೆ.

"ಇಲ್ಲ. ನಿನ್ನೆ ಮೊನ್ನೆ ಚೆನ್ನಾಗಿ ಅಂತಿತ್ತು. ಇವತ್ತು ಸದ್ದೇ ಇಲ್ಲ, ನೇರ ಬಾಯಿ." ಅವನು ತೋಳನ್ನು ಮಡಚಿಕೊಳ್ಳುತ್ತ ಮೆಲ್ಲಗೆ ಹೇಳಿದ. "ಬಾಯಿ ಹಾಕೋ ಮುಂಚೆ ಅದು ನನ್ನನ್ನ ನೋಡಲಿಲ್ಲ. ಅಜ್ಜನ್ನ ನೋಡ್ತು."

ವಾಚಜ್ಜ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಮಗಳು ಅಂದು ರಜೆಯಲ್ಲಿದ್ದಳು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಅಜ್ಜ, ನಾನು ಹೋದ ಮೇಲೆ ಇದು ಗುರ್ ಅಂತಾ?"

"ಅನ್ನೋಕೆ ನಾನು ಬಿಡಬೇಕಲ್ಲ."

"ಹೇಗೆ ಬಿಡಲ್ಲ?"

ಅಜ್ಜ ಕುರ್ಚಿಯ ದಿಂಬಿನ ಕೆಳಗಿಂದ ಪೇಪರ್ ಸುರುಳಿ ತೆಗೆದರು. ಮುಚ್ಚಿಡುವ ಉದ್ದೇಶ ಅವರಿಗಿರಲಿಲ್ಲ. "ಜೋರಾಗಿ ಏನಿಲ್ಲ. ನೀವು ಅತ್ತ ಮೆಟ್ಟಿಲು ಇಳಿಯೋದೇ ತಡ, ಇದು ಗುರ್ ಅಂತ ಶುರು ಮಾಡ್ಕೊಳ್ತು. ಪಕ್ಕದ ಮನೆಗೆ ಕೇಳಿಸಲ್ವಾ? ಮಂಗಳವಾರ ಅವರೆಲ್ಲ ಬಂದಾಗ ಹೀಗೇ ಅಂದ್ರೆ ಇದರ ಗತಿ? ಮೇಷ್ಟ್ರೇ, ನೀವು ತಪ್ಪು ತಿಳೀಬೇಡಿ. ನೀವು ಕಲಿಸಿದ್ದನ್ನ ನಾನು ಕೆಡಿಸ್ತಿಲ್ಲ. ನೀವು ಕೆಡಿಸಿದ್ದನ್ನ ಸರಿ ಮಾಡ್ತಿದ್ದೀನಿ."

"ಅಪ್ಪ, ನಿನಗೆ ಬುದ್ಧಿ ಇದೆಯಾ?" ಎಂದಳು ಮಗಳು.

"ನಿನಗಿದ್ದರೆ ಆ ಕಾಗದಕ್ಕೆ ಸಹಿ ಹಾಕ್ತಿದ್ದೆಯಾ? ಇಡೀ ದಿನ ಇದರ ಜೊತೆ ಇರೋನು ನಾನು. ಇದನ್ನ ಕೊಲ್ಲಿಸೋಕೆ ನಾನು ಬಿಡಲ್ಲ. ಅದಕ್ಕೇ ಹೊಡೆದೆ."

ಗೆಳೆಯ ಅಜ್ಜನ ಹತ್ತಿರ ಹೋಗಿ ಕೂತ. ಬೈಯುತ್ತಾನೆ ಎಂದುಕೊಂಡೆ. ಅವನು ತನ್ನ ಹೆಂಡತಿಯ ಹೆಬ್ಬೆರಳಿನ ಕಥೆ ಹೇಳಿದ. ಮೊದಲಿಂದ ಕೊನೆಯವರೆಗೆ, ಸರಪಳಿ ಯಾವ ಅಂಗಡಿಯಲ್ಲಿ ಕೊಂಡದ್ದು ಎಂಬುದನ್ನೂ ಬಿಡದೆ. ಹೊರಗಿನವರ ಎದುರು ಅವನು ಅದನ್ನು ಹೇಳಿದ್ದು ಅದೇ ಮೊದಲು.

ಅಜ್ಜ ಸುರುಳಿಯನ್ನು ಕೆಳಗಿಟ್ಟರು. ಆಮೇಲೆ ಎಡಗೈಯ ಅಂಗಿ ತೋಳನ್ನು ಮೇಲೆ ಸರಿಸಿದರು. ಮೊಣಕೈ ಕೆಳಗೆ ಎರಡು ಹಳೆಯ ಗುಳಿಗಳು.

"ಮಗಳಿಗೆ ಕಿಟಕಿ ಕಂಬಿ ತಾಗ್ತು ಅಂದಿದ್ದೆ" ಎಂದರು. "ಆರು ತಿಂಗಳಾಯ್ತು. ಸದ್ದೇ ಮಾಡಲಿಲ್ಲ, ನೀವು ಹೇಳಿದ ಹಾಗೇ."

ಕಂಡಕ್ಟರಮ್ಮ ಬಂದು ಅಪ್ಪನ ತೋಳು ಹಿಡಿದು ನೋಡಿದಳು. ಗೆಳೆಯ ನನ್ನ ಕಡೆ ನೋಡಲಿಲ್ಲ. ನೋಡದಿರಲು ಕಾರಣವಿತ್ತು: ಒಮ್ಮೆ ಕಚ್ಚಿದ ನಾಯಿ ಬೇರೆ, ಎರಡು ಸಲ ಕಚ್ಚಿದ್ದು ಬೇರೆ. ನಾನು ಕೇಳಿಸಿಕೊಂಡಾಗಿತ್ತು. ಸಂಘದ ಕಾಗದದಲ್ಲಿ ಬರೆಯುವಾಗ ಅದನ್ನು ಬಿಟ್ಟು ಬರೆಯುವಂತಿರಲಿಲ್ಲ.

ಕೆಳಗಿಳಿಯುವಾಗ ಮೂರನೇ ಮಹಡಿಯ ತಿರುವಿನಲ್ಲಿ ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಬೆವರಿದ್ದ. ಕೈ ಹಿಡಿದು ನಾಡಿ ನೋಡಿದೆ. ಕುದುರೆಯದ್ದಾಗಿದ್ದರೂ ನನಗೆ ಹಿಡಿಸುತ್ತಿರಲಿಲ್ಲ.

"ನಾಳೆ ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಹೋಗ್ತೀಯ."

"ಮಂಗಳವಾರ ಕಳೀಲಿ."

"ಅಷ್ಟರಲ್ಲಿ ನೀನೇ ಕಳೆದುಹೋದರೆ?"

"ಈಗ ಒಂದು ವಾರ ಉಳಿದಿದೆ. ಅಜ್ಜನಿಗೂ ಮೊದಲಿಂದ ಪಾಠ ಹೇಳಬೇಕು. ನಾಯಿಯಾದರೆ ಬೇಗ ಕಲೀತದೆ." ಎದ್ದು ಕಂಬಿ ಹಿಡಿದು ಇಳಿದ. ಅವನ ಹೆಂಡತಿಗೆ ಹೇಳುತ್ತೇನೆಂದು ಹೆದರಿಸಿದೆ. ಹೇಳಿದೆ ಕೂಡ. ಅವಳು ಹೇಳಿದ್ದಕ್ಕೂ ಅದೇ ಉತ್ತರವಂತೆ. ಅವನನ್ನು ಎಳೆದುಕೊಂಡು ಹೋಗಬೇಕಿತ್ತು ಎಂದು ಈಗ ನಾವಿಬ್ಬರೂ ಹೇಳಿಕೊಳ್ಳುತ್ತೇವೆ.

ಮರುದಿನದಿಂದ ಪಾಠ ಅಜ್ಜನಿಗೆ. ಅವರ ಮೊಣಕಾಲು ಸರಿ ಇಲ್ಲದ್ದರಿಂದ ನೆಲದಲ್ಲಿ ಕೂರುವಂತಿರಲಿಲ್ಲ. ಕುರ್ಚಿಯಲ್ಲೇ ಕೂತು ಪಾಠ. ಕೆಂಚ ಮುಖ ತಿರುಗಿಸಿದರೆ ಅಜ್ಜ ಕೈ ಹಿಂದಕ್ಕೆ ತಗೊಳ್ಳಬೇಕು. ಬಾಯಲ್ಲಿ ಹೇಳಬೇಕು: "ಬೇಡ್ವಾ? ಸರಿ ಬಿಡು." ಅಜ್ಜನ ಬಲಗೈ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಕೆಂಚ ಗಂಟಲಲ್ಲಿ ಸದ್ದು ಮಾಡಿದರೆ ಸಾಕು, ಆ ಕೈ ಅರ್ಧ ಏಳುತ್ತಿತ್ತು. ಕೆಂಚ ಅದನ್ನು ನೋಡಿ ಥಟ್ಟನೆ ಮೌನವಾಗುತ್ತಿತ್ತು. ಆ ಮೌನ ಬಂದಾಗಲೆಲ್ಲ ಗೆಳೆಯ ಹಗ್ಗದ ಮೇಲೆ ಕೈಯಿಟ್ಟು ಉಸಿರು ಬಿಗಿ ಹಿಡಿಯುತ್ತಿದ್ದ.

"ನಾಲ್ಕು ವರ್ಷದ ಅಭ್ಯಾಸ ಮೇಷ್ಟ್ರೇ" ಎಂದರು ಅಜ್ಜ, ನಾಚಿಕೆಯಿಂದ.

"ಕೈಯನ್ನ ತೊಡೆ ಕೆಳಗೆ ಇಟ್ಕೊಳ್ಳಿ ಅಜ್ಜ. ನಾಯಿಗೆ ಹಗ್ಗ ಇದೆ, ನಿಮಗೆ ತೊಡೆ."

ಭಾನುವಾರದ ಹೊತ್ತಿಗೆ ಕೆಂಚ ಅಜ್ಜನಿಗೆ ಮೊದಲ ಸಲ ಪೂರ್ತಿಯಾಗಿ ಗುರ್ ಎಂದಿತು. ಅಜ್ಜ ತೊಡೆಯ ಕೆಳಗೆ ಕೈ ಅದುಮಿಕೊಂಡು "ಬೇಡ್ವಾ? ಸರಿ ಬಿಡು ಮಾರಾಯ" ಎಂದರಂತೆ. ಆಮೇಲೆ ಅತ್ತರಂತೆ. ಅದನ್ನು ಹೇಳಿದವಳು ಕಂಡಕ್ಟರಮ್ಮ. ಗೆಳೆಯ ಹೇಳಿದ್ದು ಇಷ್ಟೇ: "ಒಂದು ಸಲ ಆಯ್ತು. ಒಂದು ಸಲ ಸಾಲದು."

ಮಂಗಳವಾರ ಹನ್ನೊಂದಕ್ಕೆ ಸಂಘದವರು ಮೂವರು ಬಂದರು. ಸೆಕ್ರೆಟರಿಯ ಕೈಗೆ ಇನ್ನೂ ಗಾಯದ ಪಟ್ಟಿ ಇತ್ತು. ನನ್ನ ಬ್ಯಾಗಿನಲ್ಲಿ ಔಷಧದ ಸೀಸೆ ಇತ್ತು, ಜೇಬಿನಲ್ಲಿ ಆ ಕಾಗದ. ಗೆಳೆಯ ನನಗಿಂತ ಮೊದಲೇ ಬಂದು ಮೆಟ್ಟಿಲು ಹತ್ತಿ ಮುಗಿಸಿದ್ದ. ಮುಖ ಬೂದಿಯಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ "ಆಮೇಲೆ" ಎಂದ.

"ಬನ್ನಿ ಸರ್. ನಿಧಾನಕ್ಕೆ ಬನ್ನಿ, ನಾನು ನಿಲ್ಲಿ ಅನ್ನೋವರೆಗೆ."

ಸೆಕ್ರೆಟರಿ ಮೂರು ಹೆಜ್ಜೆ ಇಟ್ಟ. ಕಿಟಕಿಯ ಪಕ್ಕ ಹಗ್ಗದಲ್ಲಿದ್ದ ಕೆಂಚ ಮುಖ ತಿರುಗಿಸಿತು. ನಾಲ್ಕನೇ ಹೆಜ್ಜೆಗೆ ಗುರ್ ಎಂದಿತು. ಕೋಣೆಯಲ್ಲಿದ್ದವರೆಲ್ಲರಿಗೂ ಕೇಳಿಸುವಂತೆ.

"ನೋಡಿದ್ರಾ? ಹದಿನೈದು ದಿನ ಕಾದದ್ದಕ್ಕೆ ಇದು" ಎಂದ ಹಿಂದೆ ನಿಂತಿದ್ದವನು. "ಡಾಕ್ಟ್ರೇ, ನಿಮ್ಮ ಕಾಗದ ತೆಗೀರಿ."

ನನ್ನ ಕೈ ಜೇಬಿಗೆ ಹೋಯಿತು. ಗೆಳೆಯ ಅವರ ಕಡೆ ತಿರುಗಲೇ ಇಲ್ಲ.

"ಒಂದು ಹೆಜ್ಜೆ ಹಿಂದೆ ಹೋಗಿ ಸರ್."

ಸೆಕ್ರೆಟರಿ ಹಿಂದೆ ಸರಿದ. ಸದ್ದು ನಿಂತಿತು.

"ಮತ್ತೆ ಮುಂದೆ."

ಗುರ್.

"ಹಿಂದೆ."

ನಿಂತಿತು. ಸೆಕ್ರೆಟರಿ ತಾನಾಗಿಯೇ ಇನ್ನೊಮ್ಮೆ ಮುಂದೆ ಹೋಗಿ ಹಿಂದೆ ಬಂದ, ಸ್ವಿಚ್ ಒತ್ತಿ ನೋಡುವವನಂತೆ.

"ಅವತ್ತು ನಿಮಗೆ ಇದು ಹೇಳಲಿಲ್ಲ ಸರ್, ಹೇಳೋದನ್ನ ಬಿಡಿಸಿಬಿಟ್ಟಿದ್ರು. ಈಗ ಹೇಳ್ತದೆ. ಕೇಳಿದ್ರೆ ಕಚ್ಚಲ್ಲ."

ನಾನು ಮಧ್ಯೆ ಬಾಯಿ ಹಾಕಿ, ಆರು ತಿಂಗಳ ಹಿಂದೆ ಅಜ್ಜನಿಗೂ ಕಚ್ಚಿದೆ ಎಂದೆ. ಹೇಳಲೇಬೇಕಿತ್ತು. ಕಂಡಕ್ಟರಮ್ಮ ಕಣ್ಣು ಮುಚ್ಚಿಕೊಂಡಳು. ಸೆಕ್ರೆಟರಿ ಅಜ್ಜನ ತೋಳು ನೋಡಿದ, ತನ್ನ ಪಟ್ಟಿ ನೋಡಿಕೊಂಡ.

"ನಾನು ವರ್ಷಕ್ಕೊಂದು ಸಲ ಬರೋನು. ಇವರು ಇಡೀ ದಿನ ಒಬ್ಬರೇ ಇರೋರು. ಇವರ ಜೊತೆ ಮಾಡಿ ತೋರಿಸಿ. ಇವರ ಕೈ ಎದ್ದರೆ ನಾನು ಒಪ್ಪಲ್ಲ" ಎಂದ.

ಗೆಳೆಯ ಅಜ್ಜನ ಕುರ್ಚಿಯನ್ನು ಅಜ್ಜನ ಸಮೇತ ಮುಂದಕ್ಕೆ ತಳ್ಳಿದ. ಒಂದು ಗೇಣು, ಇನ್ನೊಂದು ಗೇಣು. ಕೆಂಚ ತುಟಿ ನೆಕ್ಕಿತು. ಮತ್ತೊಂದು ಗೇಣಿಗೆ ಹಲ್ಲು ಕಾಣುವಂತೆ ಗುರ್ ಎಂದಿತು. ಅಜ್ಜನ ಎರಡೂ ಕೈ ತೊಡೆಯ ಕೆಳಗಿದ್ದವು. ಬಲಗೈಯ ಭುಜ ಎದ್ದಿತು. ಎದ್ದದ್ದು ಹಾಗೇ ನಿಂತಿತು. ಕೆಂಚ ಆ ಭುಜವನ್ನೇ ನೋಡುತ್ತಿತ್ತು. ಮೌನವಾಗುತ್ತದೆ, ಈಗ ಹಾರುತ್ತದೆ ಎಂದು ನಾನು ಹಗ್ಗದ ಕಡೆ ಜಿಗಿಯಲು ಸಿದ್ಧನಾದೆ. ಮೌನವಾಗಲಿಲ್ಲ. ಗುರುಗುಟ್ಟುತ್ತಲೇ ಇತ್ತು.

ಭುಜ ಇಳಿಯಿತು. "ಬೇಡ್ವಾ? ಸರಿ ಬಿಡು" ಎಂದರು ಅಜ್ಜ.

ಸೆಕ್ರೆಟರಿ ಉಸಿರು ಬಿಟ್ಟ. "ಸಾಕು ಮೇಷ್ಟ್ರೇ. ನಾಯಿ ಇರಲಿ. ಬಾಗಿಲಿಗೆ ಒಂದು ಬೋರ್ಡ್ ಹಾಕಿಸಿ, ಗುರ್ ಅಂದ್ರೆ ಹಿಂದೆ ಸರೀರಿ ಅಂತ. ಡಾಕ್ಟ್ರೇ, ಆ ಕಾಗದ ಹರಿದುಹಾಕಿ."

ನಾನು ಹರಿದೆ. ಕಂಡಕ್ಟರಮ್ಮ ಅಳುತ್ತ ನಕ್ಕಳು. ಹಿಂದೆ ನಿಂತಿದ್ದವನು ತನ್ನ ಮಾವನ ಮನೆಯ ನಾಯಿಯ ವಿಷಯ ತೆಗೆದ. ಯಾರೋ ಫ್ಯಾನ್ ಹಾಕಿ ಎಂದರು. ಅಜ್ಜ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದೆವು. ಕುರ್ಚಿ ಇನ್ನೂ ಮುಂದೆಯೇ ಇತ್ತು, ಕೆಂಚ ಇನ್ನೂ ಗುರ್ ಎನ್ನುತ್ತಿತ್ತು. ಅದು ನಮ್ಮಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ.

ಅವನಿಗೆ ಕೇಳಿಸಿತು. ಎಡಗೈಯಿಂದ ಎದೆ ಹಿಡಿದುಕೊಂಡಿದ್ದ. ಬಲಗೈಯಿಂದ ಕುರ್ಚಿಯ ಬೆನ್ನು ಹಿಡಿದು, ಅದರ ಕಾಲು ನೆಲಕ್ಕೆ ಕರಕರ ಎನ್ನದಂತೆ ಸ್ವಲ್ಪ ಎತ್ತಿ, ಅಜ್ಜನನ್ನು ಒಂದು ಗೇಣು ಹಿಂದಕ್ಕೆ ಎಳೆದ.